ಮಾತ್ರೆ ಶುರುವಾಯಿತು, ಓದು ಮಾತ್ರ ಅಲ್ಲೇ ನಿಂತಿದೆ

ಕೇಳಿದವರು: ಮಗನಿಗೆ 9 ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ) ಅಂತ ಗೊತ್ತಾಗಿ ಆರು ತಿಂಗಳಿಂದ ಮಾತ್ರೆ ಕೊಡುತ್ತಿದ್ದೇವೆ. ಈಗ ಒಂದು ಕಡೆ ಕೂರುತ್ತಾನೆ. ಆದರೆ ಓದು ಸುಧಾರಿಸಿಲ್ಲ. ಡಿಸ್ಲೆಕ್ಸಿಯಾನೂ (ಅಕ್ಷರ ಕೂಡಿಸಿ ಓದಲು ಕಷ್ಟವಾಗುವ ತೊಂದರೆ) ಇರಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಒಬ್ಬ ತಾಯಿ: ಇರಬಹುದು ಅಕ್ಕ. ನನ್ನ ಮಗಳಿಗೆ ಎರಡೂ ಇದೆ. ಇವೆರಡೂ ಒಟ್ಟಿಗೆ ಇರುವ ಮಕ್ಕಳು ಬಹಳ ಜನ. ಮಾತ್ರೆಯಿಂದ ಗಮನ ನಿಲ್ಲುತ್ತದೆ, ಆದರೆ ಯಾವ ಅಕ್ಷರಕ್ಕೆ ಯಾವ ಸದ್ದು ಅನ್ನುವುದನ್ನು ಬೇರೆಯಾಗಿಯೇ ಕಲಿಸಬೇಕು. ಒಂದು ಸಂಜೆ ಅವಳು ಬೆರಳಿಟ್ಟುಕೊಂಡು, ಪೂರ್ತಿ ಗಮನ ಕೊಟ್ಟೇ ಓದುತ್ತಿದ್ದಳು. ‘ಪುಸ್ತಕ’ ಬಂತು. ‘ಪು... ಸ...’ ಅಂತ ನಿಂತುಬಿಟ್ಟಳು. ಒತ್ತಕ್ಷರ ದಾಟಲು ಆಗಲೇ ಇಲ್ಲ. ಮುಂದಿನ ಸಾಲಿನಲ್ಲಿ ಅದೇ ಪದ ಬಂದಾಗ ಮೊದಲ ಸಲ ನೋಡಿದ ಹಾಗೆ ಮತ್ತೆ ಶುರು. ಅದೇ ಪಾಠ ನಾನು ಓದಿ ಹೇಳಿದರೆ ಎಲ್ಲ ಪ್ರಶ್ನೆಗೂ ಪಟಪಟ ಉತ್ತರ! ಪಾಪ, ‘ಗಮನ ಕೊಡು’ ಅಂತ ಎಷ್ಟು ಬೈದಿದ್ದೆ. ನಾವು ನಿಮ್ಹಾನ್ಸ್‌ಗೆ ಹೋದೆವು. ಮೈಸೂರಿನ ಕಡೆಯವರಿಗೆ ವಾಕ್ ಶ್ರವಣ ಸಂಸ್ಥೆ ಇದೆ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯ ಪರೀಕ್ಷೆಯನ್ನು ಸಾಮಾನ್ಯವಾಗಿ 8 ವರ್ಷದ ನಂತರ ಮಾಡುತ್ತಾರೆ, ನಿಮ್ಮ ಮಗನಿಗೆ ಈಗ ಸರಿಯಾದ ವಯಸ್ಸು. ಶಾಲೆಯ ನೋಟ್ಸ್ ಪುಸ್ತಕ ಮರೆಯದೆ ತೆಗೆದುಕೊಂಡು ಹೋಗಿ.

ಪ್ರೈಮರಿ ಶಾಲೆ ಟೀಚರ್: ಗಮನ ಮಾತ್ರ ತಪ್ಪುವ ಮಗು ಸಾಲು ಹಾರಿಸುತ್ತದೆ, ಪಕ್ಕ ಕೂರಿಸಿಕೊಂಡರೆ ಅದೇ ಸಾಲನ್ನು ಸರಿಯಾಗಿ ಓದುತ್ತದೆ. ಉಲ್ಟಾನೂ ನೋಡಿದ್ದೇನೆ. ಓದಲು ಬರದ ಮಗು ಎಷ್ಟು ಹೊತ್ತು ಅಂತ ಪುಸ್ತಕ ನೋಡುತ್ತದೆ? ಕಿಟಕಿ ಕಡೆ ತಿರುಗುತ್ತದೆ. ನಾವು ಅದನ್ನು ಗಮನದ ತೊಂದರೆ ಅಂದುಕೊಳ್ಳುತ್ತೇವೆ. ಅದಕ್ಕೇ ಎರಡನ್ನೂ ಪರೀಕ್ಷೆ ಮಾಡಿಸಿ ಅನ್ನುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಕೇಳಬಹುದು.

ಒಬ್ಬ ತಂದೆ: ಸುಮ್ನೆ ಹತ್ತತ್ತು ಸಲ ಬರೆಸಬೇಡಿ ಮೇಡಂ. ನಾನು ಬರೆಸಿ, ಮಗ ಪುಸ್ತಕ ಕಂಡರೆ ಅಳುವ ಹಾಗಾಗಿತ್ತು. ಈಗ ತಟ್ಟೆಯಲ್ಲಿ ರವೆ ಹರಡಿ ಕೊಡುತ್ತೇವೆ. ಬೆರಳಿನಲ್ಲಿ ‘ಸ್ತ’ ಬರೆಯುತ್ತಾ ಸದ್ದು ಜೋರಾಗಿ ಹೇಳುತ್ತಾನೆ. ಹತ್ತು ನಿಮಿಷ ಅಷ್ಟೇ. ಆಮೇಲೆ ಅಂಗಳದಲ್ಲಿ ಒಂದು ಸುತ್ತು ಓಡಿ, ತಾನೇ ವಾಪಸ್ ಬಂದು ಕೂರುತ್ತಾನೆ.