ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಬಳಸುತ್ತಾರೆ ಅಂತ ನೋಡಿ ಮನುಷ್ಯನ ಸ್ವಭಾವ ಹೇಳಬಹುದಾ?

ಹೊಸ ಲ್ಯಾಪ್‌ಟಾಪ್ ಹುಡುಗ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಹೊಸ ಕೆಲಸಕ್ಕೆ ಸೇರುತ್ತಿದ್ದೇನೆ. ಅದಕ್ಕೂ ಮೊದಲೇ ಕಂಪನಿಯವರು ಒಂದು ಫಾರ್ಮ್ ಕಳಿಸಿದ್ದಾರೆ. ವೆಜ್ಜಾ ನಾನ್‌ವೆಜ್ಜಾ ಅಂತ ಕೇಳುವ ಹಾಗೆ, ಯಾವ ಲ್ಯಾಪ್‌ಟಾಪ್ ಬೇಕು ಅಂತ ಕೇಳಿದ್ದಾರೆ. ಮ್ಯಾಕ್‌ಬುಕ್, ವಿಂಡೋಸ್, ಇಲ್ಲಾ ಉಬುಂಟು (ಲಿನಕ್ಸ್ ಅನ್ನೋ ಪುಕ್ಕಟೆ ಓಎಸ್‌ನ ಒಂದು ಬಗೆ) ಹಾಕಿದ ಥಿಂಕ್‌ಪ್ಯಾಡ್.

ರೂಮ್‌ಮೇಟ್‌ಗೆ ತೋರಿಸಿದೆ. "ಮ್ಯಾಕ್ ಅಂದ್ರೆ ಶೋಕಿ ಅಂದ್ಕೋತಾರೆ. ಉಬುಂಟು ಅಂದ್ರೆ ತಲೆಹರಟೆ ಅಂದ್ಕೋತಾರೆ. ವಿಂಡೋಸ್ ಅಂದ್ರೆ ಪಾಪದವನು, ಎಷ್ಟು ಕೆಲಸ ಕೊಟ್ಟರೂ ಮಾಡ್ತಾನೆ ಅಂದ್ಕೋತಾರೆ" ಅಂದ.

ನನ್ನ ಕೆಲಸ ಬ್ಯಾಕೆಂಡ್ ಪ್ರೋಗ್ರಾಮಿಂಗ್, ಜಾವಾದಲ್ಲಿ. ಮೂರರಲ್ಲಿ ಯಾವುದಾದರೂ ನಡೆಯುತ್ತೆ. ಆದರೆ ಅವನ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಓಎಸ್ ನೋಡಿ ಮನುಷ್ಯ ಎಂಥವನು ಅಂತ ನಿಜಕ್ಕೂ ಗೊತ್ತಾಗುತ್ತಾ? ತುಂಬಾ ಜನರ ಕಂಪ್ಯೂಟರ್ ನೋಡಿದವರು ಇದ್ದರೆ ಹೇಳಿ.

ಕರ್ಸರ್ ಕಮಲಿ

ಶೋಕಿ ಪಾರ್ಟಿ ನಾನು, ಮಾತಾಡ್ತೀನಿ. ಐಫೋನ್ ಆ್ಯಪ್ ಬರೆಯೋದು ನನ್ನ ಹೊಟ್ಟೆಪಾಡು. ಅದಕ್ಕೆ ಆ್ಯಪಲ್‌ನ ಎಕ್ಸ್‌ಕೋಡ್ ಅನ್ನೋ ಸಾಫ್ಟ್‌ವೇರ್ ಬೇಕು, ಎಕ್ಸ್‌ಕೋಡ್ ಮ್ಯಾಕ್ ಮೇಲೆ ಮಾತ್ರ ಓಡುತ್ತೆ. ನನ್ನ ಸ್ವಭಾವದ ಕಥೆ ಅಲ್ಲಿಗೆ ಮುಗಿಯಿತು. ಬಟ್ಟೆ ತಗೊಳ್ಳೋದು ಇವತ್ತಿಗೂ ಆಷಾಢದ ಡಿಸ್ಕೌಂಟ್‌ನಲ್ಲೇ.

ಮ್ಯಾಕ್ ತಗೊಳ್ಳಿ, ಬ್ಯಾಟರಿ ಚೆನ್ನಾಗಿ ಬರುತ್ತೆ.

ಗೋಪಿಸರ್ಕಲ್

ತುಂಬಾ ಜನರ ಕಂಪ್ಯೂಟರ್ ನೋಡಿದವರು ಅಂತ ಕೇಳಿದ್ದೀರಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ಇದೇ ಕೆಲಸ.

ನಮ್ಮ ಅಂಗಡಿಗೆ ಬರುವವರಲ್ಲಿ ಓಎಸ್ ಆರಿಸಿಕೊಂಡವರು ತೀರಾ ಕಡಿಮೆ. "ಯಾವ ವಿಂಡೋಸ್ ಇದೆ?" ಅಂದರೆ "ಎಚ್‌ಪಿ" ಅನ್ನುತ್ತಾರೆ. ತಂದಾಗ ಏನಿತ್ತೋ ಅದೇ ಇದೆ. ಅಸೆಂಬಲ್ಡ್ ಆದರೆ, ಅದನ್ನು ಜೋಡಿಸಿಕೊಟ್ಟವನ ಪೆನ್‌ಡ್ರೈವ್‌ನಲ್ಲಿ ಆವತ್ತು ಏನಿತ್ತೋ ಅದು.

ನಮ್ಮ ರಸ್ತೆಯಲ್ಲೇ ಒಬ್ಬರ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಪತ್ರಿಕೆ, ಬಿಲ್ ಬುಕ್, ಜಾತ್ರೆ ಕರಪತ್ರ ಮಾಡುತ್ತಾರೆ. ಹೊಸದು ಅಂದರೆ ಪ್ರಾಣ ಬಿಡುವ ಆಸಾಮಿ. ಫೋನ್ ಬದಲಾಯಿಸುತ್ತಲೇ ಇರುತ್ತಾರೆ, ಐವತ್ತು ದಾಟಿದ ಮೇಲೆ ಡ್ರೋನ್ ಹಾರಿಸೋದು ಕಲಿತರು. ಅವರ ಪ್ರೆಸ್ಸಿನ ಮೂಲೆಯಲ್ಲಿ ಇವತ್ತಿಗೂ ಎಕ್ಸ್‌ಪಿ ಓಡುತ್ತಿದೆ. ಮೈಕ್ರೋಸಾಫ್ಟ್ ಅದರ ಕೈ ಬಿಟ್ಟಿದ್ದು 2014ರ ಏಪ್ರಿಲ್‌ನಲ್ಲಿ.

ಕಾರಣ ಪೇಜ್‌ಮೇಕರ್, ಪುಟ ಜೋಡಿಸುವ ಸಾಫ್ಟ್‌ವೇರ್. ಅಡೋಬಿಯವರು 7.0 ಆದಮೇಲೆ ಅದರ ಹೊಸ ಆವೃತ್ತಿ ತರಲೇ ಇಲ್ಲ. ಅದರಲ್ಲಿ ಯೂನಿಕೋಡ್ ಕನ್ನಡ, ಅಂದರೆ ಈಗ ಫೋನ್, ಇಂಟರ್ನೆಟ್‌ನಲ್ಲೆಲ್ಲ ಬಳಸುವಂಥದ್ದು, ಕೂರುವುದಿಲ್ಲ. ಇವರ ಇಷ್ಟು ವರ್ಷದ ಪತ್ರಿಕೆಗಳೆಲ್ಲ ಹಳೇ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ "ಶ್ರೀ ಗಣೇಶಾಯ ನಮಃ" ಇರಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತೆ. ಸಾಲದ್ದಕ್ಕೆ ಆ ಫಾಂಟ್ ಪ್ಯಾಕೇಜಿಗೆ ಒಂದು ಡಾಂಗಲ್ (ಬೀಗದ ಕೀ ಥರದ ಪುಟ್ಟ ಸಾಧನ) ಬೇರೆ ಇದೆ, ಹಳೇ ಪ್ರಿಂಟರ್ ಪೋರ್ಟಿಗೆ ಚುಚ್ಚುವಂಥದ್ದು. ಈಗಿನ ಮದರ್‌ಬೋರ್ಡ್‌ಗಳಲ್ಲಿ ಆ ಪೋರ್ಟ್ ಎಲ್ಲಿದೆ? ಮದುವೆ ಸೀಸನ್ ಮುಗಿದ ಮೇಲೆ ಹೊಸದಕ್ಕೆ ಹೋಗೋಣ ಅನ್ನುತ್ತಾರೆ. ನಮ್ಮಲ್ಲಿ ಮದುವೆ ಸೀಸನ್ ಮುಗಿಯೋದು ಯಾವಾಗ ಹೇಳಿ. ಈಗ ಇವರನ್ನು ಹಳೇ ಕಾಲದವರು ಅಂತ ಕರೆಯೋದಾ?

ಆಡಿಟರ್ ಆಫೀಸಿನಲ್ಲಿ ವಿಂಡೋಸ್ ಇರೋದು ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿಗೋಸ್ಕರ. ಡಿಜಿಟಲ್ ಸಹಿಯ ಟೋಕನ್ ಕೂಡ ತಕರಾರಿಲ್ಲದೆ ನಡೆಯೋದು ಅದರಲ್ಲೇ. ಇನ್ನು ನಾನು ನೋಡಿದ ಅತ್ಯಂತ ದುಬಾರಿ ಮ್ಯಾಕ್ ಇರೋದು ಒಬ್ಬ ಅಡಿಕೆ ಮಂಡಿ ಯಜಮಾನರ ಹತ್ತಿರ. ನ್ಯೂಜೆರ್ಸಿಯ ಮಗ ತಂದುಕೊಟ್ಟಿದ್ದು. ಅದರಲ್ಲಿ ಅವರು ರಾಶಿ ಇಡಿ, ಬೆಟ್ಟೆ ಅಂತ ಅಡಿಕೆ ರೇಟ್ ನೋಡುತ್ತಾರೆ, ಮೊಮ್ಮಗನ ಜೊತೆ ಮಾತಾಡುತ್ತಾರೆ. ಮೇಲೆ ಕಸೂತಿ ಹಾಕಿದ ಬಟ್ಟೆ ಮುಚ್ಚಿಟ್ಟಿರುತ್ತಾರೆ. ಅವರಷ್ಟು ಸರಳ ಮನುಷ್ಯರು ನಮ್ಮ ಬೀದಿಯಲ್ಲಿಲ್ಲ.

ಸ್ವಭಾವ ನೋಡಲೇಬೇಕು ಅಂದರೆ, ಎಲ್ಲರ ಹತ್ತಿರ ಒಂದೇ ಓಎಸ್ ಇದ್ದು, ಅದು ಕೈ ಕೊಡುವ ಹೊತ್ತಿನಲ್ಲಿ ನೋಡಬೇಕು. 2025ರಲ್ಲಿ ನನಗೆ ಆ ಭಾಗ್ಯ ಸಿಕ್ಕಿತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಲ್ಲುತ್ತೆ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿತ್ತು. 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ವ್ಯವಸ್ಥೆ ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್‌ನಿಂದ ಮೇಲಿನದು ಬೇಕು. ನನ್ನ ಗಿರಾಕಿಗಳ ಹತ್ತಿರ ಜಾಸ್ತಿ ಇರೋದು ಆರು, ಏಳನೇ ಜನರೇಶನ್ನಿನ ಐ3, ಐ5. ಎಸ್‌ಎಸ್‌ಡಿ ಹಾಕಿಕೊಟ್ಟ ಮೇಲೆ ಚೆನ್ನಾಗೇ ಓಡುತ್ತಿದ್ದವು.

ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಒಬ್ಬರು ಮಳೆಗಾಲದಲ್ಲೇ ಪೇಪರ್ ಕಟಿಂಗ್ ಹಿಡಿದುಕೊಂಡು ಬಂದರು. ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಪಡೆಯೋಕೆ ನೋಂದಾಯಿಸಿಕೊಳ್ಳಬಹುದು, ಮೈಕ್ರೋಸಾಫ್ಟ್ ಅಕೌಂಟಿಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ದುಡ್ಡೂ ಕೊಡಬೇಕಾಗಿಲ್ಲ ಅಂತ ಅವರೇ ನನಗೆ ವಿವರಿಸಿದರು. ನಾನು ಏನೇನು ಒತ್ತಿದೆ ಅಂತ ಡೈರಿಯಲ್ಲಿ ಬರೆದುಕೊಂಡರು.

ಜೆರಾಕ್ಸ್ ಅಂಗಡಿಯವನಿಗೆ ನಾನೇ ಹೇಳಿದೆ. "ಅಪ್‌ಡೇಟ್ ನಿಂತರೆ ಒಳ್ಳೇದೇ ಆಯ್ತು ಬಿಡಣ್ಣ, ಬೆಳಗ್ಗೆ ಗಿರಾಕಿ ನಿಂತಿರುವಾಗ ಅದು ತಿರುಗುತ್ತಾ ಕೂರೋದು ತಪ್ಪುತ್ತೆ" ಅಂದ.

ಒಬ್ಬ ಬಿ.ಎಸ್ಸಿ. ಹುಡುಗಿ ಬಂದು ಬರೀ ಪೆನ್‌ಡ್ರೈವ್ ಕೇಳಿದಳು. ರೂಫಸ್ ಅನ್ನೋ ಟೂಲ್‌ನಲ್ಲಿ ಟಿಪಿಎಂ ಚೆಕ್ಕಿಂಗ್ ತೆಗೆದು 11 ಹಾಕುತ್ತಾಳಂತೆ. ಮುಂದೆ ಅಪ್‌ಡೇಟ್ ಬಾರದೇ ಹೋಗಬಹುದಮ್ಮಾ ಅಂದೆ. ಗೊತ್ತು ಅಂದಳು. ಹಾಕಿಕೊಂಡಳು ಕೂಡ. ಒಬ್ಬ ಕಂಟ್ರಾಕ್ಟರ್ ವಿಷಯ ಗೊತ್ತಾದ ಮಾರನೇ ದಿನವೇ ಹೊಸ ಲ್ಯಾಪ್‌ಟಾಪ್ ತಂದು, ಹಳೆಯದನ್ನು ನನ್ನ ಟೇಬಲ್ ಮೇಲೆ ಇಟ್ಟು, "ಯಾರಿಗಾದರೂ ಕೊಟ್ಟುಬಿಡಿ" ಅಂದು ಹೊರಟರು. ಆನ್ ಮಾಡಿ ನೋಡಿದರೆ ಡೆಸ್ಕ್‌ಟಾಪ್ ತುಂಬಾ ಆಧಾರ್ ಸ್ಕ್ಯಾನ್, ಒಂದು ನೋಟ್‌ಪ್ಯಾಡ್ ಫೈಲ್ ತುಂಬಾ ಪಾಸ್‌ವರ್ಡ್. ಕೂಗಿ ಕರೆದು ಎಲ್ಲ ಅಳಿಸಿದ ಮೇಲೆ ಕಳಿಸಿದೆ.

ಲಿನಕ್ಸ್ ಬೇಕು ಅಂತ ಕೇಳಿದವರು ಯಾರು ಗೊತ್ತಾ? ಒಬ್ಬ ನಿವೃತ್ತ ಕನ್ನಡ ಪಂಡಿತರು. ತಲೆಹರಟೆ ಅನ್ನೋದು ಅವರ ಹತ್ತಿರವೂ ಸುಳಿಯಲ್ಲ, ಸಂಜೆ ಆರಕ್ಕೆ ಸರಿಯಾಗಿ ವಾಕಿಂಗ್ ಹೊರಡುವ ಜನ. "ಇದು ಕೆಟ್ಟಿಲ್ಲವಲ್ಲಪ್ಪ, ಯಾಕೆ ಎಸೆಯಬೇಕು?" ಅನ್ನೋದೊಂದೇ ಅವರ ಪ್ರಶ್ನೆ. ಮಿಂಟ್ ಅನ್ನೋ ಲಿನಕ್ಸ್ ಹಾಕಿಕೊಟ್ಟೆ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕಗಪ ಅನ್ನೋ ಕೀಲಿ ಜೋಡಣೆ ಇತ್ತು. ನುಡಿ ಸಾಫ್ಟ್‌ವೇರಿನಲ್ಲಿ ಒತ್ತುತ್ತಿದ್ದ ಹಾಗೇ, ಕೆ.ಪಿ. ರಾವ್ ಅವರ ವಿನ್ಯಾಸ. ಎರಡು ಸಾಲು ಟೈಪ್ ಮಾಡಿ ನೋಡಿ, ಸರಿ ಅಂತ ತಗೊಂಡು ಹೋದರು.

ಇವರೆಲ್ಲ ಆವತ್ತಿನವರೆಗೆ 'ವಿಂಡೋಸ್‌ನವರು'. ನಿಮ್ಮ ರೂಮ್‌ಮೇಟ್ ಲೆಕ್ಕದಲ್ಲಿ ಎಲ್ಲರೂ ಪಾಪದವರು!

ಅಂಕಿಅಂಶ ಅನಂತು

ಈ ಶೋಕಿ-ಪಾಪದವನು ಚಿತ್ರ ಹುಟ್ಟಿದ್ದು ಹೇಗೆ ಅಂತಲೂ ನೋಡಬೇಕು. 2006ರಿಂದ 2009ರವರೆಗೆ ಆ್ಯಪಲ್ ಅಮೆರಿಕದಲ್ಲಿ ಜಾಹೀರಾತುಗಳ ಸರಣಿಯನ್ನೇ ತೋರಿಸಿತು. ಜೀನ್ಸ್ ಹಾಕಿದ ಹುಡುಗ ಜಸ್ಟಿನ್ ಲಾಂಗ್ 'ಮ್ಯಾಕ್', ಸೂಟ್ ಹಾಕಿದ ಪೆದ್ದುಪೆದ್ದು ಜಾನ್ ಹಾಡ್ಜ್‌ಮನ್ 'ಪಿಸಿ'. ಸಾಮಾನು ಮಾರೋಕೆ ಬರೆದ ಪಾತ್ರಗಳು. ಅವನ್ನೇ ನಾವು ಆಫೀಸಿನಲ್ಲಿ ಒಬ್ಬರಿಗೊಬ್ಬರು ಅಂಟಿಸುತ್ತಿದ್ದೇವೆ.

ಸಂಶೋಧನೆ ಅಂತ ಬಂದದ್ದನ್ನೂ ನಂಬೋ ಹಾಗಿಲ್ಲ. 2011ರಲ್ಲಿ ಆಪ್ಟಿಕ್ವಾಂಟ್ ಅನ್ನೋ ಹೆಸರಿನಲ್ಲಿ ಒಂದು ವರದಿ ಬಂತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್ ಬಳಸುವವರ ಐಕ್ಯೂ ಕಡಿಮೆ ಅಂತ. ಬಿಬಿಸಿ ಕೂಡ ಅದನ್ನು ಸುದ್ದಿ ಮಾಡಿತು. ಆಮೇಲೆ ನೋಡಿದರೆ ಕಂಪನಿಯೇ ಸುಳ್ಳು! ಸಿಬ್ಬಂದಿ ಅಂತ ಹಾಕಿದ ಫೋಟೋಗಳು ಬೇರೊಂದು ಕಂಪನಿಯ ಸೈಟಿನಿಂದ ಎತ್ತಿದ್ದು.

ನಿಜವಾದದ್ದೂ ಒಂದಿದೆ. 2012ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆದ ಪ್ರಕಾರ, ಆರ್ಬಿಟ್ಜ್ ಅನ್ನೋ ಪ್ರವಾಸದ ಸೈಟ್ ಮ್ಯಾಕ್‌ನಿಂದ ಬಂದವರಿಗೆ ದುಬಾರಿ ಹೋಟೆಲ್‌ಗಳನ್ನು ಮೇಲೆ ತೋರಿಸುತ್ತಿತ್ತು. ಮ್ಯಾಕ್‌ನವರು ಒಂದು ರಾತ್ರಿಗೆ ಶೇ. 30ರವರೆಗೂ ಜಾಸ್ತಿ ಖರ್ಚು ಮಾಡುತ್ತಾರೆ ಅಂತ ಅವರಿಗೆ ಗೊತ್ತಾಗಿತ್ತು. ಅದೇ ರೂಮಿಗೆ ಬೇರೆ ರೇಟ್ ಹಾಕಲಿಲ್ಲ, ಸಾಲು ಮಾತ್ರ ಬದಲಾಯಿಸಿದ್ದು. ನನ್ನನ್ನು ಕೇಳಿದರೆ ಅಲ್ಲಿ ಕಂಡದ್ದು ಜೇಬು. ಸ್ವಭಾವ ಅಂತ ಹೇಳೋಕೆ ಅದು ಸಾಲದು.

ಗೋಪಿಸರ್ಕಲ್ ಅವರ ಮಾತಿಗೆ ಹತ್ತಿರ ಇರೋದು 2013ರಲ್ಲಿ ಎಕನಾಮಿಸ್ಟ್ ಪತ್ರಿಕೆಯಲ್ಲಿ ಬಂದ ಒಂದು ವರದಿ. ಎವಾಲ್ವ್ ಅನ್ನೋ ಕಂಪನಿ ಕೆಲಸಕ್ಕೆ ಅರ್ಜಿ ಹಾಕಿದವರ ಬ್ರೌಸರ್ ನೋಡಿತ್ತು. ಕಂಪ್ಯೂಟರ್ ಜೊತೆ ಬಂದ ಬ್ರೌಸರ್ ಬಿಟ್ಟು ಫೈರ್‌ಫಾಕ್ಸೋ ಕ್ರೋಮೋ ಹಾಕಿಕೊಂಡವರು ಕೆಲಸದಲ್ಲಿ ಹೆಚ್ಚು ದಿನ ನಿಲ್ಲುತ್ತಿದ್ದರಂತೆ. ಯಾವುದನ್ನು ಆರಿಸಿದರು ಅನ್ನೋದಕ್ಕಿಂತ, ಇದ್ದದ್ದನ್ನು ಬದಲಾಯಿಸುವ ಗೋಜಿಗೆ ಹೋದರಾ ಅನ್ನೋದೇ ಅಲ್ಲಿ ಲೆಕ್ಕಕ್ಕೆ ಬಂದದ್ದು.

ಕರಿಪರದೆ ಮೇಷ್ಟ್ರು

ಅನಂತು ಅವರ ಕೊನೇ ಮಾತು ಹಿಡಿದುಕೊಳ್ಳುತ್ತೇನೆ. ಪುತ್ತೂರಿನ ಕಡೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಾವು ಓದುವಾಗ ಉಬುಂಟುವಿನ ಸಿಡಿ ಕೇಳಿದರೆ ಪುಕ್ಕಟೆಯಾಗಿ ಪೋಸ್ಟಿನಲ್ಲಿ ಬರುತ್ತಿತ್ತು. 2011ರಲ್ಲಿ ನಿಲ್ಲಿಸಿದರು. ಹಾಸ್ಟೆಲಿನಲ್ಲಿ ಎಲ್ಲರೂ ತರಿಸಿದರು, ಹಾಕಿಕೊಂಡವರು ಕೆಲವರೇ. ವೈಫೈ ಡ್ರೈವರ್ ಸಿಗದೆ ರಾತ್ರಿ ಪೂರ್ತಿ ಕೂತವರು ಇನ್ನೂ ಕಡಿಮೆ. ಆ ಕೂತವರೆಲ್ಲ ಒಂದೇ ಥರದ ಜನ ಅಂತ ನಾನು ಈಗಲೂ ಹೇಳುತ್ತೇನೆ. ಆರಿಸಿಕೊಂಡವರ ವಿಷಯದಲ್ಲಾದರೂ ಓಎಸ್ ಏನೋ ಹೇಳುತ್ತೆ, ಅಲ್ವಾ?

ಇನ್ನೊಂದು. ಅದು ಮನುಷ್ಯನನ್ನು ತಿದ್ದುತ್ತೆ ಕೂಡ. ನನ್ನ ವಿದ್ಯಾರ್ಥಿಗಳು ಮೊದಮೊದಲು ಎರರ್ ಬಂದ ಕೂಡಲೇ ಓಕೆ ಒತ್ತಿ ನನ್ನ ಹತ್ತಿರ ಓಡಿ ಬರುತ್ತಾರೆ. "ಏನಂತ ಬಂತು?" ಅಂದರೆ "ಏನೋ ಬಂತು ಸರ್". ಒಂದು ಸೆಮಿಸ್ಟರ್ ಲಿನಕ್ಸ್ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕರಿ ಪರದೆಯಲ್ಲಿ, ಕೆಲಸ ಮಾಡಿದ ಮೇಲೆ ಅದೇ ಮಕ್ಕಳು ಸಾಲು ಓದಿ, "ಪರ್ಮಿಷನ್ ಇಲ್ಲ ಅಂತಿದೆ ಸರ್, ನೋಡ್ತೀನಿ" ಅಂತಾರೆ.

ಗೋಪಿಸರ್ಕಲ್

ಮೇಷ್ಟ್ರೇ, ಎರರ್ ಓದುವ ಅಭ್ಯಾಸದ ಬಗ್ಗೆ ತಕರಾರಿಲ್ಲ. ನನ್ನ ಗಿರಾಕಿಗಳಿಗೂ ಸ್ವಲ್ಪ ಕಲಿಸಿಕೊಡಿ, ಪುಣ್ಯ ಬರುತ್ತೆ. ಆದರೆ ಅದು ಲಿನಕ್ಸ್ ಕಲಿಸಿದ್ದೋ ನೀವು ಕಲಿಸಿದ್ದೋ? "ಏನಂತ ಬಂತು?" ಅಂತ ಪ್ರತಿ ಸಲ ಕೇಳಿದವರು ನೀವು. ನಮ್ಮೂರಿನ ಬಹುಪಾಲು ಜೇಬುಗಳಲ್ಲಿ ಆಂಡ್ರಾಯ್ಡ್ ಇದೆ, ಅದರೊಳಗೆ ಇರೋದು ಲಿನಕ್ಸ್ ಕರ್ನಲ್ಲೇ (ಓಎಸ್‌ನ ತಿರುಳು). ಯಾರೂ ಎರರ್ ಓದೋದು ಕಾಣಲಿಲ್ಲ.

ರಾತ್ರಿ ಪೂರ್ತಿ ಕೂತವರ ವಿಷಯ ಒಪ್ಪಿದೆ. ಅಂಥವರು ನನಗೆ ವಿಂಡೋಸ್‌ನಲ್ಲೂ ಸಿಗುತ್ತಾರೆ. ಪೆನ್‌ಡ್ರೈವ್ ಹುಡುಗಿ ಇದ್ದಾಳಲ್ಲ.

ಪ್ರಶ್ನೆ ಕೇಳಿದ ತಮ್ಮಾ, ಜಾವಾ ಅಂದಿರಿ. ನಿಮ್ಮ ಕೋಡ್ ಕೊನೆಗೆ ಓಡೋದು ಲಿನಕ್ಸ್ ಸರ್ವರ್ ಮೇಲೆಯೇ ಆಗಿದ್ದರೆ ಉಬುಂಟು ಅನುಕೂಲ. ಫಾರ್ಮ್ ತುಂಬುವ ಮೊದಲು ಎರಡು ವಿಷಯ ಕೇಳಿಕೊಳ್ಳಿ. ಕಂಪನಿಯ ವಿಪಿಎನ್ (ಹೊರಗಿನಿಂದ ಕಂಪನಿಯ ನೆಟ್‌ವರ್ಕಿಗೆ ಸೇರುವ ದಾರಿ) ಅದರ ಮೇಲೆ ಸರಿಯಾಗಿ ಓಡುತ್ತಾ? ಹೆಲ್ಪ್‌ಡೆಸ್ಕ್‌ನಲ್ಲಿ ಉಬುಂಟು ಗೊತ್ತಿರುವವರು ಇದ್ದಾರಾ? ಇವೆರಡಕ್ಕೆ ಹೌದು ಅಂತ ಬರದಿದ್ದರೆ ಮ್ಯಾಕ್ ಇಲ್ಲಾ ವಿಂಡೋಸ್ ಟಿಕ್ ಮಾಡಿ, ಸುಮ್ನೆ ತಲೆನೋವು ಬೇಡ. ಅಲ್ಲಿ ಕೂತವರು ನಿಮ್ಮ ಬಗ್ಗೆ ಏನಂದುಕೊಂಡರೂ ಲಂಚ್ ಬ್ರೇಕ್‌ವರೆಗೆ ಮಾತ್ರ.

ಹೊಸ ಲ್ಯಾಪ್‌ಟಾಪ್ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಗೋಪಿಸರ್ಕಲ್ ಅಣ್ಣ, ನೀವು ಹೇಳಿದ ಹಾಗೇ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿದೆ. ವಿಪಿಎನ್ ಓಡುತ್ತಂತೆ. ಉಬುಂಟು ನೋಡಿಕೊಳ್ಳುವವರು ಒಬ್ಬರಿದ್ದಾರಂತೆ, ಸದ್ಯಕ್ಕೆ ಮದುವೆ ರಜೆ ಮೇಲಿದ್ದಾರಂತೆ. ಆದರೂ ಅದನ್ನೇ ಟಿಕ್ ಮಾಡಿ ಕಳಿಸಿದೆ.