ಅಂಗಡಿ ಬಾಗಿಲು ಹಾಕಿದ ಮೇಲೂ ಕೆಲಸ: ಆಡಿಟರ್ ಸರ್‌ಗೆ ಪ್ರಶ್ನೆ

ಪ್ರಶ್ನೆ (ಹಾರ್ಡ್‌ವೇರ್ ಅಂಗಡಿ, ತಿಪಟೂರು): ನಮಸ್ಕಾರ ಸರ್. ವರ್ಷಕ್ಕೆ ಕೋಟಿ ಆಸುಪಾಸು ವಹಿವಾಟು. ಅಂಗಡೀಲಿ ನಾನು, ಒಬ್ಬ ಹುಡುಗ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದರೆ ರಾತ್ರಿ ಒಂಬತ್ತು, ಆಮೇಲೆ ಬಿಲ್ಲು ಲೆಕ್ಕಕ್ಕೆ ಹತ್ತಿಸೋದು. ಜಿಎಸ್‌ಟಿ ರಿಟರ್ನ್ ಹಾಕೋ 11, 20ನೇ ತಾರೀಖು ಹತ್ರ ಬಂತು ಅಂದ್ರೆ ಮನೇಲಿ ಊಟಕ್ಕೂ ಸಿಗಲ್ಲ. ಬೆಳಿಗ್ಗೆ ಐದಕ್ಕೆ ಏಳಿ ಅಂತಾರೆ ಎಲ್ಲರೂ. ಎದ್ದೂ ನೋಡಿದೆ, ಮಧ್ಯಾಹ್ನ ಕೌಂಟರ್ ಹಿಂದೆ ತೂಕಡಿಕೆ. ಟೈಮ್ ಎಲ್ಲಿಂದ ತರೋದು?

ಉತ್ತರ (ತೆರಿಗೆ ಸಲಹೆಗಾರ): ಐದಕ್ಕೆ ಏಳಿ ಅನ್ನೋರು ಯಾರೂ ಅಂಗಡಿ ಇಟ್ಟೋರಲ್ಲ, ಬಿಟ್ಟಾಕಿ. ಮೊದಲು ತಾರೀಖಿನ ಕಾಟ ಕಡಿಮೆ ಮಾಡೋಣ. ನೀವು ತಿಂಗಳಿಗೆ ಎರಡು ರಿಟರ್ನ್ ಹಾಕ್ತಿದ್ದೀರಿ, 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ 3ಬಿ. ವರ್ಷಕ್ಕೆ 24 ಆಯ್ತು. 5 ಕೋಟಿ ಒಳಗಿನ ವಹಿವಾಟಿಗೆ 2021ರ ಜನವರಿಯಿಂದ ಕ್ಯೂಆರ್‌ಎಂಪಿ (ಮೂರು ತಿಂಗಳಿಗೊಮ್ಮೆ ರಿಟರ್ನ್, ತಿಂಗಳು ತಿಂಗಳು ತೆರಿಗೆ) ಅಂತ ಒಂದು ಯೋಜನೆ ಇದೆ. ಅದಕ್ಕೆ ಸೇರಿದರೆ ರಿಟರ್ನ್ ಮೂರು ತಿಂಗಳಿಗೊಮ್ಮೆ: ಜಿಎಸ್‌ಟಿಆರ್-1 13ಕ್ಕೆ, 3ಬಿ ಕರ್ನಾಟಕದವರಿಗೆ 22ಕ್ಕೆ. ತೆರಿಗೆ ಮಾತ್ರ ನಿಲ್ಲೋದಿಲ್ಲ. ತ್ರೈಮಾಸಿಕದ ಮೊದಲ ಎರಡು ತಿಂಗಳದ್ದು ಮುಂದಿನ ತಿಂಗಳ 25ರೊಳಗೆ ಪಿಎಂಟಿ-06 ಚಲನ್‌ನಲ್ಲಿ ಕಟ್ಟಬೇಕು. ಮೊತ್ತ ಪೋರ್ಟಲ್ಲೇ ಹಾಕಿಕೊಡುತ್ತೆ, ಎರಡು ನಿಮಿಷದ ಕೆಲಸ. ಜುಲೈ-ಸೆಪ್ಟೆಂಬರ್‌ಗೆ ಸೇರೋದಾದರೆ ಮೇ 1ರಿಂದ ಜುಲೈ 31ರೊಳಗೆ ಆಯ್ಕೆ ಮಾಡಿ. ಹಿಂದಿನ ರಿಟರ್ನ್ ಬಾಕಿ ಇರಬಾರದು.

ಒಂದು ತೊಡಕಿದೆ. ನಿಮ್ಮ ಗಿರಾಕಿಗಳಲ್ಲಿ ಜಿಎಸ್‌ಟಿ ನಂಬರ್ ಇರೋ ಕಂಟ್ರಾಕ್ಟರ್‌ಗಳು ಇದ್ದೇ ಇರ್ತಾರೆ. ಖರೀದಿ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್ ಬರಲಿಲ್ಲ ಅಂತ ಫೋನ್ ಮೇಲೆ ಫೋನ್ ಮಾಡ್ತಾರೆ. ಮೊದಲ ಎರಡು ತಿಂಗಳು ಅವರ ಬಿಲ್ಲುಗಳನ್ನಷ್ಟೇ ಮುಂದಿನ ತಿಂಗಳ 13ರೊಳಗೆ ಪೋರ್ಟಲ್‌ನ ಐಎಫ್‌ಎಫ್‌ನಲ್ಲಿ (ರಿಟರ್ನ್‌ಗೆ ಮುಂಚೆ ಬಿಲ್ಲು ಹಾಕೋ ಸೌಲಭ್ಯ) ಹಾಕಿಬಿಡಿ, ಕೌಂಟರ್ ಮಾರಾಟಕ್ಕೆ ಬೇಕಿಲ್ಲ.

ರಿಟರ್ನ್ ಮೂರು ತಿಂಗಳಿಗೊಮ್ಮೆ ಅಂತ ಲೆಕ್ಕವನ್ನೂ ಮೂರು ತಿಂಗಳಿಗೊಮ್ಮೆ ಬರೆಯೋಕೆ ಹೋದರೆ ಕೆಟ್ಟಿರಿ. ನನ್ನ ಹತ್ರ ಬರೋ ಅಂಗಡಿಯವರಲ್ಲಿ ಎಷ್ಟೋ ಜನ ಖರೀದಿ ಬಿಲ್ಲುಗಳನ್ನ ತಂತಿಗೆ ಚುಚ್ಚಿಟ್ಟಿರ್ತಾರೆ. ಮೇಲಿನದು ಈ ವಾರದ್ದು, ಕೆಳಗಿನದಕ್ಕೆ ಸುಣ್ಣ-ಸಿಮೆಂಟ್ ಧೂಳು. ಥರ್ಮಲ್ ಪೇಪರಿಂದಾದರೆ ಅಕ್ಷರವೇ ಮಾಯ. ಆ ಬಿಲ್ಲಿನ ನಂಬರ್ ಕೇಳೋಕೆ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡ್ತಾ ಕೂರ್ತೀರಲ್ಲ, ನಿಮ್ಮ ರಾತ್ರಿ ಅಲ್ಲಿ ಹೋಗ್ತಿರೋದು. ಸಾಮಾನು ಗಾಡಿಯಿಂದ ಇಳಿದ ದಿನವೇ, ಪೆಟ್ಟಿಗೆ ಒಡೆಯೋ ಮುಂಚೆ, ಬಿಲ್ಲು ಹತ್ತಿಸಿ. ಕ್ಯೂಆರ್‌ಎಂಪಿಯವರಿಗೆ ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 14ಕ್ಕೆ 2ಬಿ (ನಿಮಗೆ ಮಾರಿದವರು ಹಾಕಿದ ಬಿಲ್ಲುಗಳ ಪಟ್ಟಿ) ಬರುತ್ತೆ, ಅದರ ಜೊತೆ ತಾಳೆ ನೋಡಿ. ಬಿಟ್ಟುಹೋದ ಬಿಲ್ಲು ಆಗಲೇ ಸಿಕ್ಕಿದರೆ ಕೇಳೋದು ಸುಲಭ.

ಇನ್ನು ಹಗಲಿನ ವಿಷಯ. ಗಾರೆಯವರು, ಪ್ಲಂಬರ್‌ಗಳು ಸೈಟಿಗೆ ಹೋಗೋ ಮುಂಚೆ ಬರೋದು ಎಂಟರಿಂದ ಹತ್ತೂವರೆಗೆ. ಕಂಪನಿ ಸೇಲ್ಸ್‌ನವರೂ ಅದೇ ಹೊತ್ತಿಗೆ ಬ್ಯಾಗ್ ಹಿಡಿದು ನಿಂತಿರ್ತಾರೆ, ಅಲ್ವಾ? ಬುಧವಾರ, ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು ಅಂತ ಗೋಡೆಗೆ ಬರೆದು ಹಾಕಿ. ಎರಡು ವಾರ ಗೊಣಗ್ತಾರೆ, ಆಮೇಲೆ ಅವರೇ ಹೊಂದಿಕೊಳ್ತಾರೆ.

ಮರುಪ್ರಶ್ನೆ: ಹುಡುಗನ ಕೈಗೆ ಬಿಲ್ಲಿಂಗ್ ಕೊಡೋಕೆ ಧೈರ್ಯ ಬರ್ತಿಲ್ಲ ಸರ್. ರೇಟು ತಪ್ಪು ಹಾಕಿದರೆ? ಉದ್ರಿ ಕೊಟ್ಟುಬಿಟ್ಟರೆ?

ಉತ್ತರ: ಕೊಡಿ. ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ ಬೇರೆ ಲಾಗಿನ್ ಮಾಡೋಕೆ ಬರುತ್ತೆ. ಅವನ ಲಾಗಿನ್‌ನಲ್ಲಿ ರೇಟು ಬದಲಿಸೋದು, ಬಿಲ್ಲು ಅಳಿಸೋದು ಬಂದ್ ಮಾಡಿ. ಉದ್ರಿ ಮಾತ್ರ ನಿಮ್ಮ ಬಾಯಿಂದಲೇ ಆಗಲಿ, ಅದರಲ್ಲಿ ನಿಮ್ಮ ಹೆದರಿಕೆ ಸರಿ. ಯಾರಿಗೆ ಎಷ್ಟು ದಿನ ಬಿಡಬಹುದು ಅನ್ನೋದು ಊರಿನ ಮುಖ ಗೊತ್ತಿದ್ದೋರಿಗೇ ತಿಳಿಯೋದು. ಮೊಳೆ ತೂಗಿ, ಪೈಪ್ ಅಳೆದು ಬಿಲ್ಲು ಹೊಡೆಯೋಕೆ ನೀವೇ ಬೇಕಾ?

ಪ್ರಶ್ನೆ (ಹುಬ್ಬಳ್ಳಿ): ಸರ್, ಮನ್ಯಾಗ ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಮಾಡಿ ಮಾರ್ತೇನ್ರಿ. ದಿನಾ ಪೂರ್ತಿ ವಾಟ್ಸಾಪ್ ನೋಡೂದ ಆಗೇತಿ. ಹುರಿಯೂವಾಗ ಫೋನ್ ಹಿಡದು ಮೊನ್ನೆ ಒಂದು ಬಾಣಲಿ ಶೇಂಗಾ ಹೊತ್ತಿ ಹೋತು.

ಉತ್ತರ: ಮೇಡಂ, ಬಿಸಿನೆಸ್ ವಾಟ್ಸಾಪ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಕ್ಯಾಟಲಾಗ್‌ನಲ್ಲಿ ಕಾಲು ಕೆಜಿ, ಅರ್ಧ ಕೆಜಿ ರೇಟು ಫೋಟೋ ಸಮೇತ ಇಡಿ. ರೇಟೆಷ್ಟು ಅನ್ನೋ ಮೆಸೇಜೇ ಮುಕ್ಕಾಲು ಪಾಲು ಇರುತ್ತೆ, ಅದು ತಪ್ಪುತ್ತೆ. ನೀವಿಲ್ಲದಾಗ ತಾನಾಗಿ ಹೋಗೋ ಉತ್ತರದಲ್ಲಿ ಹೀಗೆ ಬರೆಯಿರಿ: ಆರ್ಡರ್ ಸಂಜೆ ನೋಡ್ತೀವಿ, ಕೊರಿಯರ್ ಮಂಗಳವಾರ ಮತ್ತು ಶುಕ್ರವಾರ. ಹುರಿಯೋ ಹೊತ್ತಲ್ಲಿ ಫೋನ್ ಬೇರೆ ಕೋಣೆಯಲ್ಲಿರಲಿ.

ಪುಣೆ, ಮುಂಬೈ ಕಡೆ ಪಾರ್ಸೆಲ್ ಕಳಿಸ್ತಿದ್ದೀರಾ? ಹೌದಾದರೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಡ ಅನ್ನೋ ಮಿತಿ ನೆಚ್ಚಿಕೊಂಡು ಕೂರಬೇಡಿ. ತೆರಿಗೆ ಬೀಳೋ ಸಾಮಾನು ಹೊರರಾಜ್ಯಕ್ಕೆ ಮಾರೋಕೆ ಜಿಎಸ್‌ಟಿ ನೋಂದಣಿ ಬೇಕು. ಎಲ್ಲೆಲ್ಲಿಗೆ ಹೋಗುತ್ತೆ ಅಂತ ಬರೆಯಿರಿ, ನೋಡಿ ಹೇಳ್ತೀನಿ.