ಚರ್ಚಿಗೆ ಬಂದ ಅತಿಥಿ ಬೋಧಕರು ತಮ್ಮನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ನಾನೇನು ಹೇಳಲಿ?

ಮಲ್ಪೆ ಕಡಲು:
ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಕಳೆದ ಭಾನುವಾರ ನಮ್ಮ ಸಭೆಗೆ ಹೊರಗಿನಿಂದ ಒಬ್ಬ ಬೋಧಕರು ಬಂದಿದ್ದರು. ಕ್ರೈಸ್ತ ನಂಬಿಕೆಗೆ ಇತಿಹಾಸದಲ್ಲಿ ಏನು ಆಧಾರ ಇದೆ ಅನ್ನುವುದೇ ವಿಷಯ. ಒಂದು ಗಂಟೆಗೂ ಜಾಸ್ತಿ ಮಾತಾಡಿದರು, ಯಾರೂ ಅಲುಗಾಡಲಿಲ್ಲ. ಯೂದಾಯದ ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯಿತು ಎಂದು ಕ್ರೈಸ್ತನಲ್ಲದ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ ಅಂದರು. ಮ್ಯಾಂಚೆಸ್ಟರಿನ ಗ್ರಂಥಾಲಯದಲ್ಲಿರುವ ಯೋಹಾನನ ಸುವಾರ್ತೆಯ (ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕಗಳಲ್ಲಿ ಒಂದು) ಹಳೆಯ ಕೈಬರಹದ ತುಂಡನ್ನು ಪರದೆ ಮೇಲೆ ತೋರಿಸಿದರು. ಅಂಗೈಯಷ್ಟೂ ಇಲ್ಲ. ಅದರಲ್ಲಿರುವುದು ಪಿಲಾತ ಯೇಸುವನ್ನು ವಿಚಾರಿಸುವ ಭಾಗ. ನನ್ನ ಕಣ್ಣು ತುಂಬಿ ಬಂತು.

ನನ್ನ ತಮ್ಮ ಆರು ವರ್ಷದಿಂದ ಚರ್ಚಿಗೆ ಬರುತ್ತಿರಲಿಲ್ಲ. ಅಮ್ಮ ಕರೆದರು ಅಂತ ಬಂದಿದ್ದ. ಆರಾಧನೆ ಮುಗಿದು ಚಹಾ ಕುಡಿಯುವಾಗ ತಾನಾಗಿಯೇ ಅವರ ಹತ್ತಿರ ಹೋಗಿ ಕೇಳಿದ: "ಮಾರ್ಕನ ಸುವಾರ್ತೆ 16ನೇ ಅಧ್ಯಾಯದ ಕೊನೆಯ 12 ವಚನ ಹಳೆಯ ಪ್ರತಿಗಳಲ್ಲಿ ಇಲ್ಲವಂತಲ್ಲ, ಯಾಕೆ?" ಅವರು ಹೆಗಲು ತಟ್ಟಿ, "ಮೊದಲು ನಂಬಪ್ಪ, ಆಮೇಲೆ ಎಲ್ಲ ಅರ್ಥ ಆಗುತ್ತದೆ" ಅಂದು ಪಕ್ಕದವರ ಕಡೆ ತಿರುಗಿದರು. ತಮ್ಮ ಗೋಳಿಬಜೆ ಮುಟ್ಟದೆ ಬೈಕ್ ಹತ್ತಿದ.

ಅವನು ಕೆಣಕಲು ಕೇಳಿದ್ದಲ್ಲ. ಅವನ ಮುಖ ನನಗೆ ಗೊತ್ತು. ಇದಕ್ಕೆ ಪ್ರಾಮಾಣಿಕ ಉತ್ತರ ಏನು?

ಧಾರವಾಡದ ಮೇಷ್ಟ್ರು:
ತಂಗೀ, ನಿನ್ನ ತಮ್ಮ ಹೇಳಿದ್ದು ನಿಜ. ಸಿನೈಟಿಕಸ್, ವ್ಯಾಟಿಕನಸ್ ಎಂಬ 4ನೇ ಶತಮಾನದ ಎರಡು ಗ್ರೀಕ್ ಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 8ನೇ ವಚನಕ್ಕೇ ನಿಲ್ಲುತ್ತದೆ. ಯೇಸುವಿನ ಸಮಾಧಿಗೆ ಹೋದ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ, ಅಷ್ಟೇ. ಮುಂದಿನ ವಚನಗಳನ್ನು ಆಮೇಲೆ ಸೇರಿಸಿದ್ದು ಎಂದೇ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಇದನ್ನು ಮುಚ್ಚಿಡಬೇಡ.

ಸತ್ತ ಯೇಸು ಮತ್ತೆ ಎದ್ದು ಶಿಷ್ಯರಿಗೆ ಕಾಣಿಸಿಕೊಂಡದ್ದು ಆ 12 ವಚನದಲ್ಲಿದೆ. ಆದರೆ ಈ ಪುನರುತ್ಥಾನದ ಸಾಕ್ಷಿ ಆ ವಚನಗಳ ಮೇಲೆ ಮಾತ್ರ ನಿಂತಿಲ್ಲ. ಮೊದಲ ಶತಮಾನದ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ ಸುಮಾರು ಕ್ರಿ.ಶ. 55ರದ್ದು, ಸಾಮಾನ್ಯವಾಗಿ ಮಾರ್ಕನಿಗಿಂತ ಮುಂಚಿನದು ಎನ್ನುತ್ತಾರೆ. ಅದರ 15ನೇ ಅಧ್ಯಾಯದಲ್ಲಿ ಯೇಸು ಕೇಫನಿಗೆ (ಅಂದರೆ ಪೇತ್ರನಿಗೆ), ಹನ್ನೆರಡು ಮಂದಿ ಶಿಷ್ಯರಿಗೆ, ಆಮೇಲೆ ಐನೂರಕ್ಕೂ ಹೆಚ್ಚು ಮಂದಿಗೆ ಕಾಣಿಸಿಕೊಂಡನೆಂದು ಬರೆದಿದ್ದಾನೆ. ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ತಾನೂ ಬೇರೆಯವರಿಂದ ಪಡೆದದ್ದನ್ನೇ ದಾಟಿಸುತ್ತಿದ್ದೇನೆ ಅನ್ನುತ್ತಾನೆ. ಇದರಿಂದ ಎಲ್ಲ ಸಾಬೀತಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಇದು ಎಷ್ಟೋ ತಲೆಮಾರು ಕಳೆದ ಮೇಲೆ ಹುಟ್ಟಿದ ಕಥೆ ಅಲ್ಲ ಅನ್ನುವಷ್ಟು ಧೈರ್ಯವಾಗಿ ಹೇಳಬಹುದು.

ಬಳ್ಳಾರಿ ಹುಡುಗ:
ಅಕ್ಕಾ, ನನಗೆ ಬೇಜಾರಾಗಿದ್ದು ಆ ಹೆಗಲು ತಟ್ಟಿದ್ದಕ್ಕೆ. ಪೌಲ ಅಥೇನೆಯಲ್ಲಿ ದಿನಾ ಪೇಟೆಯಲ್ಲಿ ನಿಂತು ಸಿಕ್ಕವರ ಜೊತೆ ವಾದಿಸಿದ. ಎಫೆಸದಲ್ಲಿ ತುರನ್ನನ ಶಾಲೆಯಲ್ಲಿ ಎರಡು ವರ್ಷ ದಿನಾ ಚರ್ಚೆ ಮಾಡಿದ. ನಾವು ಪ್ರಶ್ನೆ ಕೇಳಲು ಹತ್ತು ನಿಮಿಷನೂ ಕೊಡುವುದಿಲ್ಲ. ಇಂಥ ಉಪನ್ಯಾಸ ಆರಾಧನೆಯ ಮಧ್ಯೆ ಬೇಡ, ಶನಿವಾರ ಸಂಜೆ ಇಡಿ, ಅರ್ಧ ಸಮಯ ಪ್ರಶ್ನೆಗೆ ಬಿಡಿ ಅಂತ ನಿಮ್ಮ ಅಯ್ಯನವರಿಗೆ ಹೇಳಿ ನೋಡಿ.

ಮಲ್ಪೆ ಕಡಲು:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ತಮ್ಮನಿಗೆ ಫೋನ್ ಮಾಡಿ ನೀವು ಬರೆದದ್ದನ್ನು ಓದಿ ಹೇಳಿದೆ. "ಆ ಐನೂರು ಜನರಲ್ಲಿ ಒಬ್ಬರಾದರೂ ಏನಾದರೂ ಬರೆದಿಟ್ಟಿದ್ದಾರಾ?" ಅಂದ. ಇಲ್ಲ, ಪೌಲ ಹೇಳಿದ್ದಷ್ಟೇ ನಮ್ಮ ಹತ್ತಿರ ಇರುವುದು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ ಅವನೇ ಇಂಟರ್ನೆಟ್ಟಿನಲ್ಲಿ ಸಿನೈಟಿಕಸ್ ಪ್ರತಿಯ ಆ ಪುಟ ಹುಡುಕಿ ಕಳಿಸಿದ. ಮಾರ್ಕನ ಕೊನೆಯ ಸಾಲಿನ ಕೆಳಗೆ ಜಾಗ ಖಾಲಿ ಬಿಟ್ಟಿದ್ದಾರೆ. ಅಮ್ಮನೂ ಕನ್ನಡಕ ಹಾಕಿಕೊಂಡು ನೋಡಿದರು. ಹನ್ನೊಂದೂವರೆವರೆಗೆ ಮಾತಾಡಿದೆವು. ಅಯ್ಯನವರ ಹತ್ತಿರ ಶನಿವಾರದ ವಿಷಯ ಈ ವಾರವೇ ಕೇಳುತ್ತೇನೆ.